ಜಾತ್ರೆ ಕಮಿಟಿಯ ಮೊಬೈಲ್ ತಲುಪುವ ವಿಡಿಯೊ: ದಾವಣಗೆರೆ–ಚಿತ್ರದುರ್ಗದ ಗಾಯಕರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಹರಿಹರ, ಚನ್ನಗಿರಿ, ಚಳ್ಳಕೆರೆ, ಹಿರಿಯೂರು – ಈ ಸುತ್ತಿನಲ್ಲಿ ಹಾಡುವವರಿಗೆ ಬರವಿಲ್ಲ. ರಸಮಂಜರಿ ತಂಡದವರಿದ್ದಾರೆ, ಭಜನಾ ಮಂಡಳಿಯವರಿದ್ದಾರೆ, ತತ್ವಪದ ಹಾಡುವವರಿದ್ದಾರೆ, ಈಚೆಗೆ ರ‍್ಯಾಪ್ ಮಾಡುವ ಹುಡುಗರೂ ಇದ್ದಾರೆ. ಕೈಯಿಂದ ದುಡ್ಡು ಹಾಕಿ ಆಲ್ಬಂ ಸಾಂಗ್ ಮಾಡುತ್ತಾರೆ. ಹಾಡು ಯೂಟ್ಯೂಬಿಗೆ ಏರುತ್ತದೆ, ನೆಂಟರಿಷ್ಟರು ನೋಡುತ್ತಾರೆ, ಅಲ್ಲಿಗೆ ನಿಂತುಬಿಡುತ್ತದೆ. ಎಷ್ಟೋ ಸಲ ವಿಡಿಯೊದಲ್ಲಿ ದೊಡ್ಡ ದೋಷವೇನೂ ಇರುವುದಿಲ್ಲ. ಅದು ಯಾರ ಕೈಗೆ ಹೋಗಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುವುದಿಲ್ಲ, ಅಷ್ಟೆ.

ಮೊದಲ ಹೆಜ್ಜೆ: ನೋಡುವವರು ಯಾರು?

ಯೂಟ್ಯೂಬ್ ಜಾಹೀರಾತಿನ ಹಣ ನಂಬಿಕೊಂಡು ಹೊರಡಬೇಡಿ. ಅದಕ್ಕೆ 1,000 ಚಂದಾದಾರರು ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. 4 ನಿಮಿಷದ ಹಾಡನ್ನು ಪ್ರತಿಯೊಬ್ಬರೂ ಪೂರ್ತಿ ನೋಡಿದರೂ 4,000 ಗಂಟೆ ತುಂಬಲು 60,000 ಸಲ ಓಡಬೇಕು. ಅರ್ಧಕ್ಕೇ ಬಿಟ್ಟರೆ 1,20,000 ಸಲ. ಒಂದೇ ಹಾಡಿನಿಂದ ಆಗುವ ಕೆಲಸವಲ್ಲ.

ಇಲ್ಲಿನ ಕಲಾವಿದರಿಗೆ ದುಡ್ಡು ಬರುವುದು ವೇದಿಕೆಯಿಂದ: ಜಾತ್ರೆ, ಗಣೇಶೋತ್ಸವ, ಆರತಕ್ಷತೆ, ಕಾಲೇಜಿನ ವಾರ್ಷಿಕೋತ್ಸವ, ರಾಜ್ಯೋತ್ಸವ. ಹಾಗಾಗಿ ವಿಡಿಯೊ ಮುಖ್ಯವಾಗಿ ತಲುಪಬೇಕಾದದ್ದು ಕಾರ್ಯಕ್ರಮಕ್ಕೆ ಕರೆಸುವ ಕಮಿಟಿಯವರನ್ನು. ಅವರು ನೋಡುವ ರೀತಿ ಗಮನಿಸಿ. ಯಾವುದೋ ಗೊಬ್ಬರದಂಗಡಿಯ ಮುಂದೆ ನಾಲ್ಕೈದು ಜನ ಕೂತಿರುತ್ತಾರೆ, ಒಬ್ಬರು ಮೊಬೈಲ್ ಹಿಡಿದಿರುತ್ತಾರೆ, ಪಕ್ಕದಲ್ಲಿ ಟ್ರ್ಯಾಕ್ಟರ್ ಸದ್ದು. 20 ಸೆಕೆಂಡ್ ಓಡಿಸಿ ಪಕ್ಕದವರ ಕೈಗೆ ಕೊಡುತ್ತಾರೆ. ಆಮೇಲೆ ಬರುವ ಪ್ರಶ್ನೆ ಮೂರೇ: ‘ಯಾರಪ್ಪಾ ಇವ್ರು? ಯಾವೂರೋರು? ನಂಬರ್ ಐತಾ?’ ಈ ಮೂರಕ್ಕೂ ವಿಡಿಯೊ ತಾನೇ ಉತ್ತರ ಕೊಡುವಂತಿರಬೇಕು. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಹಾಡು ಆರಿಸುವುದು

ನೀವು ವೇದಿಕೆಯ ಮೇಲೆ ನಿಜವಾಗಿ ಹಾಡುವ ಧಾಟಿಯ ಹಾಡೇ ಆಗಲಿ. ಜನಪದ ಹಾಡುವವರು ‘ಯೂತ್ಸ್‌ಗೆ ಬೇಕು’ ಅಂತ ಬೀಟ್ ಸಾಂಗ್ ಮಾಡಿ ಹೆಸರಾದರೆ ಮುಂದಿನ ಜಾತ್ರೆಯಲ್ಲಿ ಜನ ಅದನ್ನೇ ಕೇಳುತ್ತಾರೆ, ನಿಮ್ಮ ಹತ್ತಿರ ಅಂಥದ್ದು ಇನ್ನೊಂದಿರುವುದಿಲ್ಲ.

ಉದ್ದ 3ರಿಂದ 3.5 ನಿಮಿಷ ಸಾಕು. ದನಿ 8 ಸೆಕೆಂಡಿನೊಳಗೆ ಬರಬೇಕು. ನಮ್ಮ ಕಡೆಯ ಆಲ್ಬಂಗಳಲ್ಲಿ ಬ್ಯಾನರ್ ಲೋಗೊ, ದೇವರ ಫೋಟೊ, ತಂದೆ ತಾಯಿಯ ಆಶೀರ್ವಾದ, ಊರ ಮುಖಂಡರಿಗೆ ಕೃತಜ್ಞತೆ, ಆಮೇಲೆ ಡ್ರೋನ್‌ನಲ್ಲಿ ಸೂರ್ಯೋದಯ – ಇಷ್ಟಾಗುವ ಹೊತ್ತಿಗೆ 40 ಸೆಕೆಂಡ್ ಹೋಗಿರುತ್ತದೆ. ನೋಡುವವರೂ ಹೋಗಿರುತ್ತಾರೆ. ಕೃತಜ್ಞತೆ ಬೇಡ ಅನ್ನುತ್ತಿಲ್ಲ, ಕೊನೆಗೆ ಹಾಕಿ.

ಹಕ್ಕುಗಳು: ಶೂಟಿಂಗ್‌ಗೆ ಮುಂಚೆಯೇ, ಕಾಗದದ ಮೇಲೆ

ಬಿಡುಗಡೆಯಾದ ಮೇಲೆ ವಿಡಿಯೊ ಕೈ ತಪ್ಪಿ ಹೋಗುವುದಿದ್ದರೆ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ವಚನ ಹಾಡುವವರು ಈ ಭಾಗದಲ್ಲಿ ಬಹಳ. 12ನೇ ಶತಮಾನದ ವಚನದ ಸಾಹಿತ್ಯಕ್ಕೆ ಈಗ ಯಾರ ಹಕ್ಕೂ ಇಲ್ಲ. ಆದರೆ ನೀವು ಕಲಿತ ರಾಗ ಸಂಯೋಜನೆ ಯಾರೋ ಈಚಿನವರದಾಗಿದ್ದರೆ ಅದು ಅವರದೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಗೀತ ಮತ್ತು ಸಾಹಿತ್ಯದ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮೇಲೆ 60 ವರ್ಷ. ಕ್ಯಾಸೆಟ್ ಕಾಲದಿಂದ ಎಲ್ಲರ ಬಾಯಲ್ಲಿರುವ ಮಟ್ಟು ಅಂದಮಾತ್ರಕ್ಕೆ ಅದು ಸಾರ್ವಜನಿಕ ಸ್ವತ್ತಲ್ಲ. ಹೊಸದಾಗಿ ರಾಗ ಹಾಕಿಸಿಕೊಳ್ಳುವುದೇ ಸುರಕ್ಷಿತ, ನಿಮ್ಮ ಗುರುತಿಗೂ ಅದೇ ಒಳ್ಳೆಯದು.

ಜನಪದ ಗೀತೆಗೂ ಹೆಚ್ಚುಕಡಿಮೆ ಇದೇ ಮಾತು. ಪದ ಊರಿನದು, ಆದರೆ ಒಂದು ಕಂಪನಿ ವಾದ್ಯ ಕೂಡಿಸಿ ಮುದ್ರಿಸಿದ ಆವೃತ್ತಿ ಆ ಕಂಪನಿಯದು. ಆ ಬಿಜಿಎಂ (ಹಿನ್ನೆಲೆ ಸಂಗೀತ) ಎತ್ತಿಕೊಂಡು ನಿಮ್ಮ ದನಿ ಕೂಡಿಸಿದರೆ ಸಿಕ್ಕಿಬೀಳುತ್ತೀರಿ. ಪದವನ್ನು ಹಟ್ಟಿಯ ಹಿರಿಯರೊಬ್ಬರಿಂದ ಕಲಿತಿದ್ದರೆ ಅವರನ್ನು ಕೇಳಿ, ಅವರ ಹೆಸರು ಹಾಕಿ, ಕೈಗೆ ಒಂದಿಷ್ಟು ಗೌರವಧನ ಕೊಡಿ. ಕಾನೂನು ಕೇಳದಿದ್ದರೂ ಊರು ಕೇಳುತ್ತದೆ.

ಸಿನಿಮಾ ಹಾಡಿನ ಕವರ್ ಮಾಡುವವರು ‘ಐದು ವರ್ಷ ಕಳೆದರೆ ಯಾರು ಬೇಕಾದರೂ ಹಾಡಬಹುದು’ ಅಂತ ಹೇಳುವುದುಂಟು. ಅದು ಅರ್ಧ ಸತ್ಯ. ಕಾಯ್ದೆಯ 31ಸಿ ಕಲಂ ಐದು ವರ್ಷದ ನಂತರ ಕವರ್‌ಗೆ ಅವಕಾಶ ಕೊಡುತ್ತದೆ ನಿಜ, ಆದರೆ ಅದಕ್ಕೆ ಮೊದಲೇ ನೋಟಿಸ್ ಕೊಟ್ಟು ರಾಯಧನ ಕಟ್ಟಬೇಕು. ಅದು ಧ್ವನಿಮುದ್ರಣಕ್ಕೆ ಮಾತ್ರ. ದೃಶ್ಯ ಸೇರಿಸಿದರೆ ಹಕ್ಕುದಾರರ ಅನುಮತಿ ಬೇರೆಯೇ ಬೇಕು. ಅನುಮತಿ ಇಲ್ಲದಿದ್ದರೆ ಯೂಟ್ಯೂಬಿನ ಕಂಟೆಂಟ್ ಐಡಿ, ಅಂದರೆ ಹಕ್ಕಿರುವ ಹಾಡುಗಳನ್ನು ತಾನೇ ಪತ್ತೆ ಹಚ್ಚುವ ವ್ಯವಸ್ಥೆ, ಹಾಡನ್ನು ಗುರುತಿಸುತ್ತದೆ. ಆಮೇಲೆ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೊ ಬ್ಲಾಕ್ ಆಗುತ್ತದೆ. ವಿವರಣೆಯಲ್ಲಿ ‘ಎಲ್ಲ ಶ್ರೇಯ ಮೂಲ ಮಾಲೀಕರಿಗೆ’ ಅಂತ ಬರೆದರೆ ಕಾನೂನಿನ ಮುಂದೆ ಅದಕ್ಕೆ ಬೆಲೆಯಿಲ್ಲ.

ಆನ್‌ಲೈನಿನಲ್ಲಿ ಕೊಂಡ ಬೀಟ್ ಮೇಲೆ ಹಾಡುವವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಕಡಿಮೆ ಬೆಲೆಯ ಬೀಟ್ ಲೈಸೆನ್ಸ್ ಸಾಮಾನ್ಯವಾಗಿ ನಿಮಗೊಬ್ಬರಿಗೇ ಕೊಟ್ಟದ್ದಲ್ಲ, ಅದೇ ಬೀಟನ್ನು ಇನ್ನೂ ಹತ್ತಾರು ಜನ ಕೊಂಡಿರುತ್ತಾರೆ. ಅಂಥ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿದರೆ ಅವರ ಹಾಡುಗಳಿಗೆಲ್ಲ ನಿಮ್ಮ ಕ್ಲೇಮ್ (ಹಕ್ಕೊತ್ತಾಯ) ಹೋಗುತ್ತದೆ, ಜಗಳ ನಿಮ್ಮ ತಲೆಗೆ.

ಸಂಗೀತ ನಿರ್ದೇಶಕರು, ಸಾಹಿತಿ, ಕ್ಯಾಮೆರಾಮನ್ – ಮೂವರ ಜೊತೆಗೂ ಒಂದೊಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಸ್ನೇಹಿತರಾದರೂ ಸರಿಯೇ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಅವಧಿ ಬರೆಯದಿದ್ದರೆ 5 ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತಲೂ ಕಾನೂನು ತಿಳಿದುಕೊಳ್ಳುತ್ತದೆ. ಹಾಗಾಗಿ ‘ವಿಡಿಯೊ, ಸ್ಟ್ರೀಮಿಂಗ್, ರೀಲ್ಸ್, ಪ್ರಪಂಚದಾದ್ಯಂತ, ಇಷ್ಟು ವರ್ಷ’ ಅಂತ ಬಿಡಿಸಿ ಬರೆಯಿರಿ. ಕೊಟ್ಟ ಮೊತ್ತ, ತಾರೀಖು, ಇಬ್ಬರ ಸಹಿ.

‘ನಮ್ಮ ಚಾನೆಲ್‌ಗೆ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ಸ್ ಇದ್ದಾರೆ, ಹಾಡು ನಮಗೆ ಕೊಡಿ’ ಅನ್ನುವವರು ಬರುತ್ತಾರೆ. ಕೊಡಬಾರದು ಅಂತಲ್ಲ. ಶಾಶ್ವತ ಹಕ್ಕು ಕೊಡಬೇಡಿ. ವಿಡಿಯೊ ಹಕ್ಕು ಮಾತ್ರ, 2ರಿಂದ 3 ವರ್ಷಕ್ಕೆ, ಶೀರ್ಷಿಕೆಯಲ್ಲಿ ನಿಮ್ಮ ಹೆಸರು, ವಿವರಣೆಯ ಮೊದಲ ಸಾಲಿನಲ್ಲಿ ನಿಮ್ಮ ನಂಬರ್ – ಇಷ್ಟಕ್ಕೆ ಒಪ್ಪಿದರೆ ಮಾತು ಮುಂದುವರಿಸಿ. ಒಪ್ಪದಿದ್ದರೆ ನಿಮ್ಮದೇ ಚಾನೆಲ್‌ನಲ್ಲಿ ಎರಡು ಸಾವಿರ ವೀಕ್ಷಣೆ ಬಂದರೂ ಅದೇ ವಾಸಿ.

ಆಡಿಯೊ

ಸ್ಟುಡಿಯೊದಿಂದ ಮೂರು ಫೈಲ್ ಕೇಳಿ ಇಸಿದುಕೊಳ್ಳಿ: 24 ಬಿಟ್, 48 ಕಿಲೋಹರ್ಟ್ಸ್ ವೇವ್ ಮಾಸ್ಟರ್, ದನಿಯಿಲ್ಲದ ಟ್ರ್ಯಾಕ್, ಶೂಟಿಂಗ್‌ಗೆ ಬೇಕಾದ, ಹಾಡಿಗೆ ಮುಂಚೆ ನಾಲ್ಕು ಟಿಕ್ ಇರುವ ಪ್ರತಿ. ದನಿಯಿಲ್ಲದ ಟ್ರ್ಯಾಕ್ ಮುಂದೆ ವೇದಿಕೆಗೂ ಬೇಕಾಗುತ್ತದೆ. ‘ಸೌಂಡ್ ಜೋರಿರಲಿ’ ಅಂತ ಒತ್ತಾಯ ಮಾಡಬೇಡಿ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಇದು ಸದ್ದಿನ ಜೋರು ಅಳೆಯುವ ಮಾಪನ) ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಹಿಂಡಿ ಜೋರು ಮಾಡಿದ ಹಾಡು ತಗ್ಗಿದ ಮೇಲೆ ಸಪ್ಪೆಯಾಗಿ ಕೇಳುತ್ತದೆ, ಅಷ್ಟೇ ಲಾಭ.

ಮಿಕ್ಸ್ ಒಪ್ಪಿಕೊಳ್ಳುವ ಮೊದಲು ಅದನ್ನು ಸಾಧಾರಣ ಮೊಬೈಲಿನ ಸ್ಪೀಕರ್‌ನಲ್ಲಿ, ಫ್ಯಾನ್ ಹಾಕಿಕೊಂಡು ಕೇಳಿ. ಡೊಳ್ಳಿನ ಗುಂಗು ಸ್ಟುಡಿಯೊ ಸ್ಪೀಕರ್‌ನಲ್ಲಿ ಎದೆ ನಡುಗಿಸಿದರೂ ಮೊಬೈಲಿನಲ್ಲಿ ಮಾಯವಾಗುತ್ತದೆ, ಉಳಿಯುವುದು ಕೋಲಿನ ಏಟಿನ ಸದ್ದು ಮಾತ್ರ. ಆ ಏಟು ಸ್ಪಷ್ಟವಾಗಿ ಕೇಳಬೇಕು, ಸಾಹಿತ್ಯದ ಒಂದಕ್ಷರವೂ ಮುಚ್ಚಿಹೋಗಬಾರದು.

ದುಡ್ಡಿನ ಲೆಕ್ಕ

60,000 ರೂಪಾಯಿ ಇದೆ ಅಂದುಕೊಳ್ಳಿ. ಹಾಡಿಗೆ 15,000, ಒಂದು ದಿನದ ಕ್ಯಾಮೆರಾ ತಂಡಕ್ಕೆ 18,000, ಬಟ್ಟೆ, ಮೇಕಪ್, ಊಟ, ಗಾಡಿಗೆ 9,000, ಎಡಿಟಿಂಗ್ ಮತ್ತು ಡಿಐಗೆ (ಬಣ್ಣ ತಿದ್ದುವುದಕ್ಕೆ) 8,000, ಬಿಡುಗಡೆಯ ನಂತರ ಹರಡಲು 10,000. ಈ ಕೊನೆಯ 10,000 ಶೂಟಿಂಗ್ ದಿನವೇ ಕರಗುವುದು ವಾಡಿಕೆ. ಅದನ್ನು ಬೇರೆ ಖಾತೆಗೆ ಹಾಕಿಡಿ. ನಿಮ್ಮ ಹತ್ತಿರ ಇರುವುದು 20,000 ಮಾತ್ರವಾದರೆ ಡ್ರೋನ್, ಡಾನ್ಸರ್‌ಗಳು, ಎರಡನೇ ಜಾಗ ಎಲ್ಲ ಬಿಡಿ. ಆಡಿಯೊದ ಪಾಲು ಮಾತ್ರ ಕಡಿಮೆ ಮಾಡಬೇಡಿ.

ಜಾಗ ಮತ್ತು ಅನುಮತಿ

ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ದುರ್ಗದ ಏಳು ಸುತ್ತಿನ ಕೋಟೆ. ಅದು ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಹರಿಹರೇಶ್ವರ ದೇವಸ್ಥಾನ, ಸಂತೇಬೆನ್ನೂರಿನ ಪುಷ್ಕರಣಿ ಕೂಡ ಹಾಗೆಯೇ. ಪ್ರವಾಸಿ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಬೇರೆ. ರಿಫ್ಲೆಕ್ಟರ್, ಸ್ಪೀಕರ್, ಕಲಾವಿದರ ಸಮೇತ ಶೂಟಿಂಗ್ ಮಾಡುವುದು ಬೇರೆ. ಶೂಟಿಂಗ್‌ಗೆ ಇಲಾಖೆಯ ಲೈಸೆನ್ಸ್, ಶುಲ್ಕ, ಠೇವಣಿ ಬೇಕು. ಅರ್ಜಿ ಹಾಕುವುದು ವಾರದ ಮುಂಚೆ ಅಲ್ಲ, ತಿಂಗಳುಗಳ ಮುಂಚೆ. ಕದ್ದು ಮಾಡಹೊರಟರೆ ಅರ್ಧ ಶೂಟಿಂಗ್‌ನಲ್ಲಿ ಕಾವಲಿನವರು ಬಂದು ನಿಲ್ಲಿಸುತ್ತಾರೆ, ಆ ದಿನದ ಬಾಡಿಗೆಯೆಲ್ಲ ನೀರಿಗೆ. ಚಿಕ್ಕ ಬಜೆಟ್ಟಿನವರಿಗೆ ನಮ್ಮ ಸಲಹೆ: ಕೋಟೆಯ ಆಸೆ ಬಿಡಿ. ದುರ್ಗದ ಸುತ್ತಲ ಹಳ್ಳಿಗಳಲ್ಲಿ ಅಂಥದ್ದೇ ಬಂಡೆಗಳಿರುವ ಹೊಲಗಳು ಎಷ್ಟು ಬೇಕಾದರೂ ಇವೆ. ಹೊಲದ ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಂಡರೆ ಮುಗಿಯಿತು.

ಜೋಗಿಮಟ್ಟಿಗೆ ಅರಣ್ಯ ಇಲಾಖೆ, ಮಾರಿಕಣಿವೆಯ ಅಣೆಕಟ್ಟೆಗೆ ಜಲಸಂಪನ್ಮೂಲ ಇಲಾಖೆ, ದಾವಣಗೆರೆಯ ಗಾಜಿನ ಮನೆಗೆ ಅದನ್ನು ನೋಡಿಕೊಳ್ಳುವ ಕಚೇರಿ – ಎಲ್ಲಕ್ಕೂ ಲಿಖಿತ ಅನುಮತಿ ಪಡೆಯಿರಿ. ಮಂಡಿಪೇಟೆಯಂಥ ಗಿಜಿಗುಡುವ ರಸ್ತೆಯಲ್ಲಿ ಶೂಟಿಂಗ್ ಮಾಡುವುದಾದರೆ ಪಾಲಿಕೆಗೂ ಆ ವ್ಯಾಪ್ತಿಯ ಪೊಲೀಸ್ ಠಾಣೆಗೂ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ, ಅದರ ಪ್ರತಿ ಜೇಬಿನಲ್ಲಿರಲಿ.

ಡ್ರೋನ್ ಬೇಕೇಬೇಕು ಅನ್ನುವವರು 2021ರ ಡ್ರೋನ್ ನಿಯಮ ತಿಳಿದಿರಬೇಕು. 250 ಗ್ರಾಂ ಮೀರಿದ ಡ್ರೋನನ್ನು ಬಾಡಿಗೆ ಕೆಲಸಕ್ಕೆ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ, ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲಿದ್ದರೆ 400 ಅಡಿಯವರೆಗೆ ಹಾರಿಸಬಹುದು. ಪ್ರಮಾಣಪತ್ರದ ಪ್ರತಿ ಕೇಳಿ. ಕೇಳಿದ ಕೂಡಲೇ ‘ಏನಾಗಲ್ಲ ಬಿಡಿ ಸಾರ್’ ಅನ್ನುವವರನ್ನು ಕರೆಸಬೇಡಿ. ನಿಜಕ್ಕೂ ಒಂದು ಹಾಡಿಗೆ ಎರಡು ಡ್ರೋನ್ ಶಾಟ್ ಸಾಕು. ಅಷ್ಟು ಎತ್ತರದಿಂದ ಹಾಡುವವರ ಮುಖ ಕಾಣುವುದಿಲ್ಲ, ಕಮಿಟಿಯವರು ಹುಡುಕುತ್ತಿರುವುದು ಆ ಮುಖವನ್ನೇ.

ಕಾಲವನ್ನೂ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ದುರ್ಗದ ಗುಡ್ಡಗಳಲ್ಲಿ ಬೀಸುವ ಗಾಳಿ, ಅಲ್ಲಿ ಸಾಲಾಗಿ ಗಾಳಿಯಂತ್ರ ನಿಲ್ಲಿಸುವಷ್ಟು ಜೋರು. ಮೋಡದ ಬೆಳಕೇನೋ ಮೃದುವಾಗಿ ಚೆನ್ನಾಗಿರುತ್ತದೆ, ಆದರೆ ಸೆರಗು, ಕೂದಲು, ರಿಫ್ಲೆಕ್ಟರ್ ಯಾವುದೂ ಹೇಳಿದ ಮಾತು ಕೇಳುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಬೆಳಿಗ್ಗೆ 9ರ ಮೇಲೆ ಬಿಸಿಲು ನೆತ್ತಿಗೇರಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಸಮಯ.

ಶೂಟಿಂಗ್ ದಿನ

ಕ್ಯಾಮೆರಾಮನ್‌ಗೆ ಮೊದಲು ಹೇಳಬೇಕಾದ ಸಂಖ್ಯೆ 25. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ದೀಪಗಳು ಮಿನುಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ. 30 ಫ್ರೇಮ್‌ನಲ್ಲಿ 1/60 ಇಟ್ಟುಕೊಂಡು ಕಲ್ಯಾಣ ಮಂಟಪದೊಳಗೆ ತೆಗೆದರೆ ಪಟ್ಟೆ ಪಟ್ಟೆ ಓಡುವುದು ಇದಕ್ಕೇ. ಬಟಾಬಯಲಿನ ಬಿಸಿಲಿನಲ್ಲಿ 1/50 ಶಟರ್ ಇಟ್ಟು ಲೆನ್ಸನ್ನು 2.8ಕ್ಕೆ ತೆರೆಯಬೇಕಾದರೆ ಬೆಳಕು ತಗ್ಗಿಸುವ ಎನ್‌ಡಿ 64 ಫಿಲ್ಟರ್ ಬೇಕಾಗುತ್ತದೆ. ಅದಿಲ್ಲದಿದ್ದರೆ ಮರದ ನೆರಳಿಗೆ ಬನ್ನಿ.

ಮೊಬೈಲಿನಲ್ಲೇ ತೆಗೆಯುವವರು ಫ್ರೇಮ್ ದರ ಸ್ಥಿರವಾಗಿಡುವ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಮೊಬೈಲಿನ ಮಾಮೂಲಿ ಆ್ಯಪ್ ಬೆಳಕು ಕಡಿಮೆಯಾದಾಗ ಫ್ರೇಮ್ ದರವನ್ನು ತಾನೇ ಏರಿಳಿಸುತ್ತದೆ. ಪಲ್ಲವಿಯಲ್ಲಿ ತುಟಿ ಸರಿಯಾಗಿ ಕೂತಿದ್ದು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಜಾರಿರುತ್ತದೆ. ಹಾಗೆ ತೆಗೆದದ್ದು ಈಗಾಗಲೇ ಇದ್ದರೆ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಬದಲಿಸಿ ಆಮೇಲೆ ಎಡಿಟಿಂಗ್‌ಗೆ ತೆಗೆದುಕೊಳ್ಳಿ.

ಲಿಪ್ ಸಿಂಕ್‌ಗೆ ಸ್ಪೀಕರ್ ಎಲ್ಲಿದೆ ಅನ್ನುವುದು ಮುಖ್ಯ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಾಡುವವರ ಕಾಲಬಳಿ ಸ್ಪೀಕರ್ ಇಟ್ಟು 30 ಮೀಟರ್ ದೂರದಿಂದ ಜೂಮ್ ಮಾಡಿ ತೆಗೆದರೆ, ಕ್ಯಾಮೆರಾದ ಮೈಕಿಗೆ ಸದ್ದು ಎರಡು ಫ್ರೇಮ್ ತಡವಾಗಿ ಮುಟ್ಟುತ್ತದೆ. ಆ ಸದ್ದಿಗೆ ಹೊಂದಿಸಿ ಎಡಿಟ್ ಮಾಡಿದರೆ ಹಾಡಿಗಿಂತ ತುಟಿ ಎರಡು ಫ್ರೇಮ್ ಮುಂದೆ ಓಡುತ್ತಿರುತ್ತದೆ. ದೂರದ ಶಾಟ್‌ಗಳನ್ನು ಪಟ್ಟಿ ಮಾಡಿಟ್ಟು ಎಡಿಟರ್‌ಗೆ ಹೇಳಿ. ಸ್ಪೀಕರ್ ಮಾತ್ರ ಯಾವಾಗಲೂ ಕಲಾವಿದರ ಹತ್ತಿರವೇ ಇರಲಿ, ಕ್ಯಾಮೆರಾ ಹತ್ತಿರ ಅಲ್ಲ.

ತುಟಿ ಆಡಿಸುವುದಲ್ಲ, ಹಾಡಬೇಕು – ಪೂರ್ತಿ ದನಿ ತೆಗೆದು. ಸುಮ್ಮನೆ ಬಾಯಿ ತೆರೆದು ಮುಚ್ಚಿದರೆ ಕೊರಳ ನರ ಉಬ್ಬುವುದಿಲ್ಲ, ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ.

ನಿಧಾನಗತಿಯಲ್ಲಿ ನಡೆಯುತ್ತಾ ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದುವ ಶಾಟ್ ನೋಡಿರುತ್ತೀರಿ. ಅದನ್ನು ಹೀಗೆ ಮಾಡುತ್ತಾರೆ: ಕ್ಯಾಮೆರಾ 50 ಫ್ರೇಮ್‌ನಲ್ಲಿ, ಶಟರ್ 1/100, ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕಲಾವಿದರು ಅದೇ ವೇಗದಲ್ಲಿ ಹಾಡುತ್ತಾರೆ. ಎಡಿಟಿಂಗ್‌ನಲ್ಲಿ 25ಕ್ಕೆ ಇಳಿಸಿದಾಗ ತುಟಿ ಹಾಡಿಗೆ ಕೂಡುತ್ತದೆ, ಮೈ ಮಾತ್ರ ತೇಲುತ್ತದೆ. ವೇಗದ ಹಾಡಿಗೆ ಇದು ಆಗದ ಮಾತು. ವಿಲಂಬಿತ ಪಲ್ಲವಿಗೆ ಮಾತ್ರ, ಅದೂ ಮನೆಯಲ್ಲಿ ಚೆನ್ನಾಗಿ ರೂಢಿ ಮಾಡಿಕೊಂಡು ಬಂದರೆ.

ದಿನದ ವೇಳಾಪಟ್ಟಿ, ಚಳಿಗಾಲದ್ದು, ಹೀಗಿರಲಿ:

5.30 – ಮೇಕಪ್, ಬಟ್ಟೆ.
6.50 – ಬೆಳಕು ಬಂದೊಡನೆ ಪೂರ್ತಿ ಹಾಡು ಮೂರು ಸಲ: ಮೊದಲು ಕ್ಲೋಸ್, ಆಮೇಲೆ ಸೊಂಟದವರೆಗೆ, ಕೊನೆಗೆ ಪೂರ್ತಿ ಆಳು.
8.15 – ಒಂದನೇ ಚರಣ ಅದೇ ಜಾಗದ ಇನ್ನೊಂದು ಕಡೆ.
9.30 – ತಿಂಡಿ. ಬಿಸಿಲಿನ ಹೊತ್ತು ಒಳಾಂಗಣ, ವಾದ್ಯದ ಕೈಗಳು, ಊರಿನ ಮುಖಗಳು.
3.45 – ಎರಡನೇ ಚರಣ.
5.15 – ಸಂಜೆಬೆಳಕಿನಲ್ಲಿ ಮತ್ತೆ ಪಲ್ಲವಿ.

ಕ್ಲೋಸ್ ಶಾಟ್ ಮೊದಲೇ ತೆಗೆಯುವುದಕ್ಕೆ ಕಾರಣವಿದೆ: ಮಧ್ಯಾಹ್ನದ ಹೊತ್ತಿಗೆ ಮುಖ ಸೋತಿರುತ್ತದೆ, ಮೇಕಪ್ ಬೆವರಿನಲ್ಲಿ ಇಳಿದಿರುತ್ತದೆ. ಮಂಡಕ್ಕಿ–ಮಿರ್ಚಿ ಪೊಟ್ಟಣ ಪ್ಯಾಕಪ್ ಆದ ಮೇಲೆ ಬಿಚ್ಚಿ. ಎಣ್ಣೆ ಮೆತ್ತಿದ ತುಟಿ 4ಕೆ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಹೊಳೆಯುತ್ತದೆ.

4ಕೆನಲ್ಲೇ ತೆಗೆಯಿರಿ. 3840×2160ರ ಅಡ್ಡ ಚಿತ್ರದಿಂದ ರೀಲ್ಸ್‌ಗೆ ಉದ್ದನೆಯ ತುಂಡು ಕತ್ತರಿಸಿದರೂ 1215×2160 ಉಳಿಯುತ್ತದೆ, 1080×1920ಕ್ಕೆ ಅದು ಸಾಕು. ಮಾನಿಟರ್ ಮೇಲೆ ಎರಡು ಟೇಪ್ ಅಂಟಿಸಿ ಮಧ್ಯದ ಆ ಪಟ್ಟಿಯನ್ನು ಗುರುತಿಸಿಕೊಳ್ಳಿ, ಪಲ್ಲವಿಯಲ್ಲಿ ಮುಖ ಅದರೊಳಗೇ ಇರಲಿ. 100 ಮೆಗಾಬಿಟ್ ದರದಲ್ಲಿ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಕಾರ್ಡ್ ಅಳಿಸುವ ಮುನ್ನ ಎರಡು ಬೇರೆ ಬೇರೆ ಡಿಸ್ಕ್‌ಗೆ ನಕಲು ಆಗಿರಬೇಕು.

ಇನ್ನೊಂದು ಕೆಲಸಕ್ಕೆ ಅರ್ಧ ಗಂಟೆ ಎತ್ತಿಡಿ. ಪ್ಲೇಬ್ಯಾಕ್ ಆಫ್ ಮಾಡಿ, ಮೈಕ್ ಇಟ್ಟು, ಒಂದೇ ಟೇಕ್‌ನಲ್ಲಿ ಒಂದು ಹಾಡು ಲೈವ್ ಹಾಡಿ ರೆಕಾರ್ಡ್ ಮಾಡಿಕೊಳ್ಳಿ – ಹಾರ್ಮೋನಿಯಂ, ತಬಲಾ, ಇದ್ದರೆ ತಾಳ. ಯಾವ ಎಫೆಕ್ಟೂ ಬೇಡ. ಇದರ ಉಪಯೋಗ ಕೊನೆಯಲ್ಲಿ ಹೇಳುತ್ತೇವೆ.

ಎಡಿಟಿಂಗ್

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳ ಸಾಕು. ಮೊದಲ ಹದಿನೈದು ಸೆಕೆಂಡಿನೊಳಗೆ ಗಾಯಕರ ಮುಖದ ಕ್ಲೋಸ್ ಶಾಟ್, ಕೆಳಗೆ ಹೆಸರು ಮತ್ತು ಊರು. ಕಥೆ ಇರುವ ಹಾಡಾದರೂ ನಾಯಕ–ನಾಯಕಿಯ ಪ್ರೇಮದಲ್ಲಿ ಹಾಡಿದವರು ಕಳೆದುಹೋಗಬಾರದು. ನಟಿಸಿದ ಹುಡುಗನಿಗೆ ಹೆಸರು ಬಂದು ಹಾಡಿದವರನ್ನು ಯಾರೂ ಕೇಳದಿರುವುದು ನಮ್ಮ ಕಡೆ ಹೊಸದಲ್ಲ. ಅರ್ಧ ಭಾಗವಾದರೂ ಹಾಡುವವರೇ ಪರದೆಯ ಮೇಲಿರಲಿ.

ಪರದೆಯ ಮೇಲೆ ಕನ್ನಡ ಸಾಹಿತ್ಯ ಹಾಕುವಾಗ ಒತ್ತಕ್ಷರ ಒಡೆಯುವುದು ಮಾಮೂಲಿ ಕಾಯಿಲೆ. ಪ್ರೀಮಿಯರ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್‌ಗೆ ಹೋಗಿ ಪಠ್ಯದ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಿಸಿದರೆ ಯೂನಿಕೋಡ್ ಅಕ್ಷರ ಸರಿಯಾಗುತ್ತದೆ. ಆಗದಿದ್ದರೆ ಬೇರೆಡೆ ಅಕ್ಷರ ಕೂರಿಸಿ ಪಿಎನ್‌ಜಿ ಚಿತ್ರವಾಗಿ ತಂದು ಹಾಕಿ. ರಫ್ತು ಮಾಡುವ ಮುನ್ನ ಕನ್ನಡ ಬರುವ ಇನ್ನೊಬ್ಬರಿಂದ ಓದಿಸಿ.

ಕೊನೆಯ 20 ಸೆಕೆಂಡ್ ಖಾಲಿ ಹಿನ್ನೆಲೆಯ ಮೇಲೆ ‘ಕಾರ್ಯಕ್ರಮಗಳಿಗೆ ಸಂಪರ್ಕಿಸಿ’ ಅಂತ ನಂಬರ್. ಇದಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ, ಮನೆಯವರ ನಂಬರ್ ಬೇಡ. ರಫ್ತು 4ಕೆ, 25 ಫ್ರೇಮ್, ಎಚ್.264, ಸುಮಾರು 45 ಮೆಗಾಬಿಟ್.

ಬಿಡುಗಡೆಗೆ ನಾಲ್ಕು ವಾರ ಮುಂಚೆ

ಆಡಿಯೊವನ್ನು ಡಿಜಿಟಲ್ ವಿತರಕರ ಮೂಲಕ ಸ್ಟ್ರೀಮಿಂಗ್ ಆ್ಯಪ್‌ಗಳಿಗೂ ಇನ್‌ಸ್ಟಾಗ್ರಾಂ ಸಂಗೀತ ಸಂಗ್ರಹಕ್ಕೂ ಕಳಿಸಿ. ಅವರೇ ಹಾಡಿಗೆ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ (ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಕೊಡುತ್ತಾರೆ. ಅದನ್ನು ಒಪ್ಪಂದದ ಪತ್ರದ ಹಿಂದೆಯೇ ಬರೆದಿಡಿ. ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಕೋರಿಕೆ ಹಾಕುವುದಿದ್ದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಕಬೇಕು. ಕಲಾವಿದರ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಬಂದರೆ ಎರಡು ಬೇರೆ ಕಲಾವಿದರ ಪುಟಗಳಾಗುತ್ತವೆ, ಸೇರಿಸಲು ತಿಂಗಳುಗಟ್ಟಲೆ ಮೇಲ್ ಬರೆಯಬೇಕಾಗುತ್ತದೆ.

ವಿತರಕರಲ್ಲಿ ಕಂಟೆಂಟ್ ಐಡಿ ಆಯ್ಕೆ ಮಾಡಿದ್ದರೆ ನಿಮ್ಮ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಹೇಳಿ. ಹೇಳದಿದ್ದರೆ ನಿಮ್ಮ ಹಾಡಿಗೆ ನಿಮ್ಮದೇ ಹೆಸರಿನಲ್ಲಿ ಕ್ಲೇಮ್ ಬಂದು ಕೂರುತ್ತದೆ.

ಯೂಟ್ಯೂಬ್ ಪುಟ

ಶೀರ್ಷಿಕೆಗೆ 100 ಅಕ್ಷರದ ಮಿತಿ. ಹಾಡಿನ ಹೆಸರು, ಗಾಯಕರ ಹೆಸರು, ಪ್ರಕಾರ – ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಕನ್ನಡದ ಹಾಡನ್ನೂ ಜನ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ವಿವರಣೆಯ ಮೊದಲ ಎರಡು ಸಾಲು ಮಾತ್ರ ತೆರೆಯದೆ ಕಾಣುವುದರಿಂದ ನಂಬರ್, ಊರು ಅಲ್ಲೇ ಇರಲಿ. ಕೆಳಗೆ ಪೂರ್ತಿ ಸಾಹಿತ್ಯ, ಎಲ್ಲ ವಾದ್ಯದವರ ಹೆಸರು. ಥಂಬ್‌ನೇಲ್ 1280×720, ಒಂದೇ ಮುಖ, ನಾಲ್ಕು ಪದ ಮೀರದ ಅಕ್ಷರ. ಅಪ್‌ಲೋಡ್ ಮಾಡುವಾಗ ‘ಮಕ್ಕಳಿಗಾಗಿ ಮಾಡಿದ್ದು’ ಅನ್ನುವುದನ್ನು ತಪ್ಪಿ ಒತ್ತಿದರೆ ಕಾಮೆಂಟ್‌ಗಳೇ ಮುಚ್ಚಿಹೋಗುತ್ತವೆ. ಹಾಡು ನಿಜಕ್ಕೂ ಮಕ್ಕಳದ್ದಲ್ಲದಿದ್ದರೆ ಒತ್ತಬೇಡಿ.

ಹರಡುವುದು

ಕಾರ್ಯಕ್ರಮ ಗೊತ್ತು ಮಾಡುವಾಗ ಕಮಿಟಿಯವರು ಮೊದಲು ಕೇಳುವುದು ಶಾಮಿಯಾನ, ಸೌಂಡ್ ಸಿಸ್ಟಂನವರನ್ನು: ‘ಈ ಸಲ ಯಾರನ್ನ ಕರ್ಸಣ?’ ಹಾಗಾಗಿ ಮೊದಲ ಪಟ್ಟಿ ಅವರದ್ದೇ ಆಗಲಿ – ನಿಮ್ಮ ತಾಲ್ಲೂಕು ಮತ್ತು ಅಕ್ಕಪಕ್ಕದ ಎರಡು ತಾಲ್ಲೂಕಿನ ಸೌಂಡ್‌ನವರು, ನಿರೂಪಕರು, ರಸಮಂಜರಿ ತಂಡದ ಮಾಲೀಕರು. ಅವರಿಗೆ ಬರೀ ಲಿಂಕ್ ಕಳಿಸಬೇಡಿ. ಪಲ್ಲವಿಯ 30 ಸೆಕೆಂಡಿನ ಉದ್ದನೆಯ ತುಂಡು, ಮೇಲೆ ಹೆಸರು, ಕೆಳಗೆ ನಂಬರ್, ಸುಮಾರು 11 ಎಂಬಿ ಆಗುವಂತೆ 3 ಮೆಗಾಬಿಟ್‌ನಲ್ಲಿ ನೀವೇ ಕುಗ್ಗಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಸ್ಟೇಟಸ್‌ಗೆ ಹಾಕಿಕೊಳ್ಳಲು ಅವರಿಗೂ ಅದೇ ಅನುಕೂಲ.

ಶಾರ್ಟ್ಸ್ ಮತ್ತು ರೀಲ್ಸ್‌ಗೆ ಒಂದೇ ಹಾಡಿನಿಂದ ಆರೇಳು ತುಂಡು ಮಾಡಿ, ಎರಡು ವಾರದಲ್ಲಿ ಹಂಚಿ ಬಿಡಿ. ಒಂದರಲ್ಲಿ ವಾದ್ಯದವರ ಕೈ, ಒಂದರಲ್ಲಿ ಸಾಹಿತ್ಯದ ಅರ್ಥ, ಒಂದರಲ್ಲಿ ಶೂಟಿಂಗ್ ತಮಾಷೆ.

ಎತ್ತಿಟ್ಟ 10,000ದಲ್ಲಿ ಜಾಹೀರಾತು ಓಡಿಸುವಾಗ ಇಡೀ ಭಾರತ ಆರಿಸಬೇಡಿ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಹಾವೇರಿ, ವಿಜಯನಗರ, ಬಳ್ಳಾರಿ ಸಾಕು: ಗಾಡಿ ಬಾಡಿಗೆ ಕೊಟ್ಟು ನಿಮ್ಮನ್ನು ಕರೆಸಿಕೊಳ್ಳಬಲ್ಲ ದೂರ ಅದು. ‘ಒಂದು ಲಕ್ಷ ವ್ಯೂಸ್ ಇಷ್ಟು ರೂಪಾಯಿಗೆ’ ಅನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ನಕಲಿ ವೀಕ್ಷಣೆಗಳನ್ನು ಯೂಟ್ಯೂಬ್ ಅಳಿಸುತ್ತದೆ. ಅಳಿಸದೆ ಉಳಿದವು ಎರಡು ಸೆಕೆಂಡಿಗೇ ಬಿಟ್ಟುಹೋಗಿ ನಿಮ್ಮ ಅಂಕಿಅಂಶವನ್ನೇ ಕೆಡಿಸುತ್ತವೆ.

ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಅರ್ಜಿ ಕೊಡುವಾಗ ಲಿಂಕನ್ನು ಕ್ಯೂಆರ್ ಕೋಡ್ ಮಾಡಿ ಮುದ್ರಿಸಿ ಹಚ್ಚಿ. ಚಿತ್ರದುರ್ಗ ಆಕಾಶವಾಣಿಯಲ್ಲಿ ಹಾಡಬೇಕೆಂದರೆ ಧ್ವನಿ ಪರೀಕ್ಷೆಯೇ ದಾರಿ, ವಿಡಿಯೊ ಅದಕ್ಕೆ ಬದಲಿಯಲ್ಲ. ಟಿವಿ ಅಥವಾ ಕೇಬಲ್ ವಾಹಿನಿಯಲ್ಲಿ ಬರಬೇಕಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಯೂಟ್ಯೂಬಿಗೆ ಬೇಡ.

ಲೆಕ್ಕ ನೋಡುವುದು

ವಾರದ ನಂತರ ಯೂಟ್ಯೂಬ್ ಸ್ಟುಡಿಯೊದಲ್ಲಿ ಮೊದಲ 30 ಸೆಕೆಂಡ್ ದಾಟಿದವರ ಶೇಕಡಾವಾರು ನೋಡಿ. ಗೆರೆ ಮೊದಲಲ್ಲೇ ಧುಮುಕಿದ್ದರೆ ಆರಂಭ ಸರಿಯಿಲ್ಲ. ಸ್ಟುಡಿಯೊದ ಟ್ರಿಮ್ ಸೌಲಭ್ಯದಲ್ಲೇ ಆರಂಭದ ಕೆಲವು ಸೆಕೆಂಡ್ ಕತ್ತರಿಸಬಹುದು, ಲಿಂಕ್ ಬದಲಾಗುವುದಿಲ್ಲ. ಥಂಬ್‌ನೇಲ್ ಕಂಡವರಲ್ಲಿ ಒತ್ತಿದವರು ತೀರ ಕಡಿಮೆಯಿದ್ದರೆ ಥಂಬ್‌ನೇಲ್ ಬದಲಿಸಿ, ಇನ್ನೊಂದು ವಾರ ಕಾಯಿರಿ.

ಅದಕ್ಕಿಂತ ಮುಖ್ಯವಾದದ್ದು ಒಂದು ನೋಟ್‌ಬುಕ್. ಕಾರ್ಯಕ್ರಮದ ನಂಬರಿಗೆ ಬಂದ ಪ್ರತಿ ಕರೆಯನ್ನೂ ಬರೆದಿಡಿ: ಯಾವ ಊರು, ಯಾವ ಕಾರ್ಯಕ್ರಮ, ‘ನಮ್ಮ ಹಾಡು ಎಲ್ಲಿ ನೋಡಿದ್ರಿ ಅಣ್ಣಾ?’ ಅನ್ನುವ ಪ್ರಶ್ನೆಗೆ ಬಂದ ಉತ್ತರ. ಸ್ಟೇಟಸ್‌ನಿಂದ ಬಂದವರು ಹೆಚ್ಚಿದ್ದರೆ ಮುಂದಿನ ಹಾಡಿನ ದುಡ್ಡು ಅತ್ತ ಹೋಗಲಿ.

ಕರೆ ಮಾಡಿದವರು ದರ ಕೇಳುವ ಮುಂಚೆಯೇ ಇನ್ನೊಂದು ಮಾತು ಕೇಳುತ್ತಾರೆ: ‘ವಿಡಿಯೊ ಚೆನ್ನಾಗೈತೆ, ಸ್ಟೇಜ್ ಮ್ಯಾಲೆ ಹೆಂಗೆ ಹಾಡ್ತೀರಿ?’ ಆ ದಿನ ಒಂದೇ ಟೇಕ್‌ನಲ್ಲಿ ಮಾಡಿಟ್ಟುಕೊಂಡ ಲೈವ್ ರೆಕಾರ್ಡಿಂಗ್ ಕಳಿಸುವುದು ಆಗ. ಜೊತೆಗೆ ಒಂದು ಸಣ್ಣ ಸಂದೇಶ: ತಂಡದಲ್ಲಿ ಎಷ್ಟು ಜನ, ಎಷ್ಟು ಗಂಟೆಯ ಕಾರ್ಯಕ್ರಮ, ಎಷ್ಟು ಮೈಕ್ ಬೇಕು, ಗಾಡಿ ಖರ್ಚು ಯಾರದು, ಮುಂಗಡ ಎಷ್ಟು. ಹತ್ತು ನಿಮಿಷದೊಳಗೆ ಕಳಿಸಿ. ಅವರ ಮೊಬೈಲಿನಲ್ಲಿ ಇನ್ನೂ ಇಬ್ಬರು ಗಾಯಕರ ನಂಬರ್ ಇರುತ್ತದೆ.